ಎದುರುಗಾಳಿಗೆ ಹಾರಿದ ಕಿಡಿ

ನನಗೆ ಸಿಟ್ಟು ಜಾಸ್ತಿ. ಮಂಡ್ಯದಲ್ಲಿದ್ದಾಗ ಅಮ್ಮ ಇದನ್ನು ಹೇಳುತ್ತಿದ್ದಳು, ಈಗ ಮಾಧವರಂನ ಮನೆಯಲ್ಲಿ ಗಂಡ ಹೇಳುತ್ತಾನೆ, ಮಗಳು ಅದನ್ನೇ ತಮಿಳಿನಲ್ಲಿ ಹೇಳುತ್ತಾಳೆ. ಹದಿನೆಂಟು ವರ್ಷದಿಂದ ಚೆನ್ನೈನಲ್ಲಿ ಕಾರ್ಖಾನೆಗಳ ಹೊಗೆ ಹಿಡಿಯುವ ಕೆಲಸ ಮಾಡಿಕೊಂಡಿರುವವಳಿಗೆ ಸಿಟ್ಟು ಬರದೆ ಮತ್ತೇನು ಬರಬೇಕು? ಕಾರ್ಖಾನೆಯವರಿಗೆ ನಮ್ಮ ನೆನಪಾಗುವುದು ನೋಟೀಸು ಕೈಗೆ ಬಂದ ಮೇಲೆ. ನಮ್ಮ ಯಂತ್ರದಿಂದ ಅವರಿಗೆ ಒಂದು ಬೋಲ್ಟೂ ಹೆಚ್ಚಿಗೆ ತಯಾರಾಗುವುದಿಲ್ಲ. ಜಾಗ ತಿನ್ನುತ್ತದೆ, ಕರೆಂಟು ತಿನ್ನುತ್ತದೆ. ಮದುವೆ ಮನೆಯಲ್ಲಿ ಎಂಜಲೆಲೆ ಎತ್ತುವವರಿಗೆ ಎಷ್ಟು ಮರ್ಯಾದೆಯೋ ಅಲ್ಲಿ ನಮಗೂ ಅಷ್ಟೇ. ಇದನ್ನೆಲ್ಲ ನುಂಗಿಕೊಂಡೇ ಪ್ರಾಜೆಕ್ಟ್ ಮ್ಯಾನೇಜರ್ ಆದೆ. ನುಂಗಲಾಗದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ಬೈಯಬೇಕಾದವರನ್ನೆಲ್ಲ ಬೈದೇ ಬರೆಯುತ್ತೇನೆ.

ಊರಿನ ಉತ್ತರ ತುದಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಫೌಂಡ್ರಿ. ಗುಜರಿ ಕಬ್ಬಿಣ ಕರಗಿಸಿ ಪಂಪಿನ ಭಾಗಗಳನ್ನು ಎರಕ ಹೊಯ್ಯುತ್ತಾರೆ. ಹಿಂದಿನ ಬೀದಿಯ ಹೆಂಗಸರು ಒಣಹಾಕಿದ ಬಟ್ಟೆಯ ಮೇಲೆ ಮಸಿ ಕೂರುತ್ತದೆ ಎಂದು ದೂರು ಕೊಟ್ಟು ಕೊಟ್ಟು, ಕೊನೆಗೊಮ್ಮೆ ಮಾಲಿನ್ಯ ಮಂಡಳಿಯ ನೋಟೀಸು ಬಂದು, ಕೆಲಸ ನಮ್ಮ ಕಂಪನಿಗೆ ಸಿಕ್ಕಿತು. ನಾವು ಹಾಕುವ ಯಂತ್ರ ಅರ್ಥವಾಗದಷ್ಟು ದೊಡ್ಡ ವಿದ್ಯೆಯೇನಲ್ಲ. ಫರ್ನೇಸಿನ ಬಾಯಿಯ ಮೇಲೆ ತಗಡಿನ ದೊಡ್ಡ ಕೊಡೆ, ಅದಕ್ಕೆ ಹುಡ್ ಎನ್ನುತ್ತೇವೆ. ಅಲ್ಲಿಂದ ಹೊಗೆ ಅಗಲವಾದ ಪೈಪಿನೊಳಗೆ ಹೋಗಿ ಒಂದು ಉಕ್ಕಿನ ಕೋಣೆ ಸೇರುತ್ತದೆ. ಕೋಣೆಯೊಳಗೆ ಆಳುದ್ದಕ್ಕಿಂತ ಉದ್ದದ ಇನ್ನೂರ ನಲವತ್ತು ಬಟ್ಟೆಯ ಚೀಲಗಳು ತೂಗುಹಾಕಿರುತ್ತವೆ. ಕಾಫಿ ಸೋಸುವ ಬಟ್ಟೆಯಲ್ಲಿ ಚರಟ ಉಳಿಯುವ ಹಾಗೆ ಚೀಲದ ಮೇಲೆ ಮಸಿ ಉಳಿದು ಗಾಳಿ ಮಾತ್ರ ಆಚೆ ಹೋಗುತ್ತದೆ. ಕೋಣೆಯ ಆಚೆ ಬದಿಯಲ್ಲಿ ಇದನ್ನೆಲ್ಲ ಎಳೆಯುವ ಫ್ಯಾನು, ಫ್ಯಾನಿನ ಆಚೆಗೆ ಚಿಮಣಿ. ಇಷ್ಟೇ. ಗಾಳಿ ಹೋಗುವುದು ಒಂದೇ ದಿಕ್ಕಿಗೆ: ಹುಡ್ಡಿನಿಂದ ಚೀಲಕ್ಕೆ, ಚೀಲದಿಂದ ಚಿಮಣಿಗೆ. ಈ ಮಾತು ದಯವಿಟ್ಟು ನೆನಪಿನಲ್ಲಿರಲಿ, ಯಾಕೆಂದರೆ ಮುಂದೆ ಓದಿಕೊಂಡವರೆಲ್ಲ ಸೇರಿ ಇದನ್ನು ಮರೆತರು.

ನುಂಗಂಬಾಕ್ಕಂನ ನಮ್ಮ ಆಫೀಸಿನ ಗೋಡೆಯ ಮೇಲೆ ಈ ಪ್ರಾಜೆಕ್ಟಿನ ಚಾರ್ಟು ಇತ್ತು. ನಾನೇ ಕೂತು ಹಾಕಿದ್ದು. ಯಾವ ಕೆಲಸ ಯಾವಾಗ, ಯಾವುದು ಮುಗಿಯದೆ ಯಾವುದು ಶುರುವಾಗಕೂಡದು, ಎಲ್ಲಕ್ಕೂ ಒಂದೊಂದು ಗೆರೆ. ಅದರಲ್ಲಿ ಒಂದು ಗೆರೆ ಕೆಂಪು. ಫರ್ನೇಸಿಗೂ ಚೀಲದ ಕೋಣೆಗೂ ನಡುವೆ ಕಿಡಿ ತಡೆಯುವ ಒಂದು ಉಕ್ಕಿನ ಡಬ್ಬಿ ಕೂರಬೇಕು. ಆ ಚೀಲಗಳು ಉರಿಯುವ ಬಟ್ಟೆ, ಒಂದು ಕಿಡಿ ಹೋಗಿ ಕೂತರೆ ಕಥೆ ಮುಗಿಯಿತು. ಡಬ್ಬಿ ಮಾಡಿಕೊಡುವವನು ಎರಡು ಸಲ ಕೈಕೊಟ್ಟು, ಇನ್ನು ಹದಿನೈದು ದಿನ ಬೇಕು ಎಂದ. ಸರಿ, ಹದಿನೈದು ದಿನ ತಡವಾಗಿಯೇ ಶುರು ಮಾಡೋಣ ಎಂದು ಚಾರ್ಟಿನಲ್ಲಿ ತಿದ್ದಿದೆ.

ಚಾರ್ಟಿಗೆ ಯಾವ ಕಿಮ್ಮತ್ತು? ಫೌಂಡ್ರಿ ಯಜಮಾನರ ಕೋಣೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ರಾಹುಕಾಲ, ಒಳ್ಳೆಯ ಹೊತ್ತು ಎಲ್ಲ ಅದರಲ್ಲಿ. ತಮಿಳರ ಆವಣಿ ತಿಂಗಳು ಮುಗಿಯುತ್ತಾ ಬಂದಿತ್ತು, ಆಮೇಲೆ ಬರುವುದು ಪುರಟ್ಟಾಸಿ, ಪುರಟ್ಟಾಸಿಯಲ್ಲಿ ಅವರ ಮನೆಯಲ್ಲಿ ಹೊಸದೇನನ್ನೂ ಶುರು ಮಾಡುವುದಿಲ್ಲ. ಯಜಮಾನರ ತಾಯಿ ಆವಣಿಯ ಕೊನೆಯ ಒಳ್ಳೆಯ ದಿನವನ್ನೇ ಯಂತ್ರದ ಪೂಜೆಗೆ ಗೊತ್ತು ಮಾಡಿಬಿಟ್ಟರು. ಎಂಬತ್ತು ದಾಟಿದ ಹಿರಿಯರು, ಫೌಂಡ್ರಿಯನ್ನು ಗಂಡನ ಜೊತೆ ಕಟ್ಟಿದವರು, ಅವರ ಮಾತಿಗೆ ಅಲ್ಲಿ ಎದುರಿಲ್ಲ.

ನಾನು ನಮ್ಮ ಬಾಸ್ ಹತ್ತಿರ ಹೋಗಿ ಕುಣಿದಾಡಿದೆ. ಬಾಸ್ ಉಡುಪಿ ಕಡೆಯವರು. ಅವರ ತಂದೆ ಚೆನ್ನೈನಲ್ಲಿ ಹೋಟೆಲ್ ನಡೆಸಿದವರು, ಮಗ ಇಂಜಿನಿಯರಿಂಗ್ ಓದಿ ಈ ಕಂಪನಿ ತೆಗೆದರು. ಹೋಟೆಲಿನ ಗುಣ ಮಾತ್ರ ಹೋಗಿಲ್ಲ. ಯಾರು ಸಿಟ್ಟಾಗಿ ಬಂದರೂ ಮೊದಲು ಕಾಫಿ ತರಿಸುತ್ತಾರೆ.

"ಎಂತ ಮಾರಾಯ್ತಿ ನೀನು, ಪೂಜೆಗೆ ಇಷ್ಟು ಬೊಬ್ಬೆ ಹೊಡೂದಾ?" ಅಂದರು. "ಫರ್ನೇಸ್ ಹಚ್ಚುದು ಬೇಡ. ಬರೀ ಫ್ಯಾನ್ ತಿರುಗಿಸಿದ್ರೆ ಆಯ್ತಲ್ಲ. ಬೆಂಕಿಯೇ ಇಲ್ಲದ ಮೇಲೆ ಕಿಡಿ ಎಲ್ಲಿಂದ ಬರ್ತದೆ?"

ಮಾತು ಸರಿಯಾಗಿಯೇ ಇತ್ತು. ಫರ್ನೇಸು ಆರಿದ್ದರೆ ಕಿಡಿ ಇಲ್ಲ. ನಾನು ಒಪ್ಪಿದೆ. ಡಬ್ಬಿ ಕೂರಬೇಕಾದ ಜಾಗದಲ್ಲಿ ಸದ್ಯಕ್ಕೆ ಬರೀ ಪೈಪಿನ ತುಂಡು ಹಾಕಿಸಿದೆ. ಬೆಂಕಿಯೇ ಇಲ್ಲದ ಪೂಜೆ ಈ ದೇಶದಲ್ಲಿ ಎಲ್ಲಾದರೂ ನಡೆದದ್ದುಂಟಾ? ಮಂಡ್ಯದ ಮನೆಯಲ್ಲಿ ಶುಕ್ರವಾರ ಶುಕ್ರವಾರ ಧೂಪ ಹಾಕಿ ಬೆಳೆದವಳು ನಾನು, ನನಗೆ ಹೊಳೆಯಲಿಲ್ಲ. ಬಾಸಿಗೂ ಹೊಳೆಯಲಿಲ್ಲ. ಹೊಳೆದದ್ದು ಮೇಸ್ತ್ರಿಗೆ.

ಮೇಸ್ತ್ರಿ ಎಂದರೆ ನಮ್ಮ ಫಿಟ್ಟರ್‌ಗಳ ಮುಖ್ಯಸ್ಥರು. ಐವತ್ತೆಂಟು ವರ್ಷ. ಅವರ ಅಜ್ಜ ಹೊಸೂರು ಕಡೆಯಿಂದ ಚೆನ್ನೈಗೆ ಬಂದವರು. ಮನೆಯಲ್ಲಿ ಕನ್ನಡ ಉಳಿದಿದೆ, ಅರ್ಧಕ್ಕರ್ಧ ತಮಿಳು ಸೇರಿಕೊಂಡು ಉಳಿದಿದೆ. ಕಂಪನಿಯ ನೌಕರರಲ್ಲ, ಕೆಲಸ ಇದ್ದಾಗ ಕರೆಸಿಕೊಳ್ಳುವವರು. ಆದರೆ ಆರು ಪ್ರಾಜೆಕ್ಟುಗಳಲ್ಲಿ ನಾನು ಅವರ ಜೊತೆ ಕೆಲಸ ಮಾಡಿದ್ದೇನೆ. ಒಂದೊಂದು ಚೀಲವನ್ನೂ ತೂಗುಹಾಕುವ ಮುಂಚೆ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆದು ನೋಡುತ್ತಾರೆ. ಇನ್ನೂರ ನಲವತ್ತು ಚೀಲ ಎಂದರೆ ಇನ್ನೂರ ನಲವತ್ತು ಸಲ. ಬೇಗ ಮುಗಿಸಿ ಎಂದು ನಾನು ಕೂಗಾಡಿದರೆ, "ಕೂಗಿ ಮೇಡಂ, ಕೂಗಿ. ನಾನು ಮೆದ್ವಾಗೇ ಮಾಡ್ತೀನಿ," ಎಂದು ನಗುತ್ತಿದ್ದರು.

ಪೂಜೆಯ ದಿನ ಬೆಳಿಗ್ಗೆ ಚಿಮಣಿಯ ಏಣಿಯ ಒಂದು ಮೆಟ್ಟಿಲು ಅಲ್ಲಾಡುತ್ತಿತ್ತು. ಯಾರಾದರೂ ಹತ್ತಿ ಬಿದ್ದಾರು ಎಂದು ಮೇಸ್ತ್ರಿ ಅದಕ್ಕೆ ವೆಲ್ಡಿಂಗ್ ಮಾಡಿದರು. ಗೇಟಿನ ರಿಜಿಸ್ಟರಿನಲ್ಲಿ ಬರೆಸಿ, ನನ್ನ ಸಹಿ ತೆಗೆದುಕೊಂಡು, ಎಂಟು ಗಂಟೆಯೊಳಗೆ ಮುಗಿಸಿ, ಸಾಮಾನು ಕಟ್ಟಿಟ್ಟರು. ಅಷ್ಟೇ ಅವರು ಮಾಡಿದ ಅಪರಾಧ.

ಒಂಬತ್ತೂವರೆಗೆ ಎಲ್ಲರೂ ಸೇರಿದರು. ಫ್ಯಾನಿನ ಮೋಟಾರಿಗೆ ಮೂರು ಬೆರಳಿನ ಗಂಧ, ಕುಂಕುಮ, ಮಲ್ಲಿಗೆ ಹಾರ. ಯಜಮಾನರು ಬಟನ್ ಒತ್ತಿದರು, ಫ್ಯಾನು ತಿರುಗಿತು, ಬಾಗಿಲಲ್ಲಿ ಕುಂಬಳಕಾಯಿ ಒಡೆದರು. ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಯಜಮಾನರ ತಾಯಿ ನನ್ನನ್ನು ಕರೆದರು. ಹದಿನಾಲ್ಕು ತಿಂಗಳು ಡ್ರಾಯಿಂಗ್ ಹಿಡಿದು ಅದೇ ಅಂಗಳದಲ್ಲಿ ಓಡಾಡಿದಾಗ ಅವರು ನನ್ನನ್ನು ಒಂದು ಸಲವೂ ಮಾತಾಡಿಸಿರಲಿಲ್ಲ. ಆವತ್ತು ಸೀರೆ ಉಟ್ಟುಕೊಂಡು ಹೋಗಿದ್ದೆ, ಹೂ ಮುಡಿದಿದ್ದೆ.

"ವಾಮ್ಮಾ, ನೀ ಸುಮಂಗಲಿ," ಎಂದು ಧೂಪದ ಹಿತ್ತಾಳೆ ತಟ್ಟೆ ನನ್ನ ಕೈಗೆ ಕೊಟ್ಟರು. ತೆಂಗಿನ ನಾರು, ಚಿಪ್ಪಿನ ಕೆಂಡ, ಮೇಲೆ ಸಾಂಬ್ರಾಣಿ ಪುಡಿ. ಯಂತ್ರ ಕುಡಿಯುವ ಮೊದಲ ಹೊಗೆ ದೇವರ ಹೊಗೆಯಾಗಬೇಕಂತೆ. ಹುಡ್ಡಿನ ಬಾಯಿಗೆ ಹಿಡಿಯಬೇಕಂತೆ.

ಮೇಸ್ತ್ರಿ ನನ್ನ ಹಿಂದೆಯೇ ಫರ್ನೇಸಿನ ಕಟ್ಟೆ ಹತ್ತಿ ಬಂದರು. "ಮೇಡಂ, ತಣಲ್ ವೇಣಾಂ," ಕೆಂಡ ಬೇಡ ಎಂದು ಮೆಲ್ಲಗೆ ಹೇಳಿದರು. "ನಾರಿನ ಕೆಂಡ ಲೈಟು. ಫ್ಯಾನ್ ಓಡ್ತೈತೆ, ಎಳ್ಕೊಂಡ್ ಹೋಗ್ಬಿಡ್ತೈತೆ. ಡಬ್ಬಿ ಬೇರೆ ಇಲ್ಲ."

"ಸುಮ್ನಿರಿ ಮೇಸ್ತ್ರಿ. ಎರಡು ನಿಮಿಷ."

"ಫ್ಯಾನಾದ್ರೂ ನಿಲ್ಲಿಸ್ಲಾ?"

"ಶುರು ಮಾಡಿದ ತಕ್ಷಣ ನಿಲ್ಲಿಸಿದ್ರೆ ಅಪಶಕುನ ಅಂತಾರೆ. ಸುಮ್ನಿರಿ ಅಂದ್ನಲ್ಲ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ತಟ್ಟೆಯನ್ನು ಮೇಲೆತ್ತಿದೆ. ಬಿಳಿಯ ಹೊಗೆ ನೆಟ್ಟಗೆ ಎದ್ದು, ಇದ್ದಕ್ಕಿದ್ದಂತೆ ಬಾಗಿ, ಸರ್ರನೆ ಹುಡ್ಡಿನೊಳಗೆ ಹೋಯಿತು. ಕೆಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸತ್ಯ ಹೇಳಲಾ? ನನಗೆ ಹಿಗ್ಗಾಯಿತು. ಆ ಎಳೆತ ನನ್ನ ಲೆಕ್ಕ. ಎಷ್ಟು ಅಗಲದ ಹುಡ್ಡು, ಎಷ್ಟು ವೇಗದ ಗಾಳಿ ಎಂದು ವಾರಗಟ್ಟಲೆ ಕೂತು ತೆಗೆದದ್ದು ನಾನು. ಹದಿನೆಂಟು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. "ಇನ್ನುಂ ಕಿಟ್ಟ, ಮ್ಮಾ," ಇನ್ನೂ ಹತ್ತಿರ ಎಂದರು ಅಜ್ಜಿ. ನಾನು ಇನ್ನೂ ಹತ್ತಿರ ಹಿಡಿದೆ. ನಾರಿನ ತುದಿ ನಿಗಿನಿಗಿ ಎಂದಿತು. ನಾಲ್ಕೈದು ಕೆಂಪು ಚುಕ್ಕೆಗಳು ಎದ್ದು ಹೊಗೆಯ ಜೊತೆ ಒಳಗೆ ಹೋದವು. ನಾನು ನೋಡಿದೆ. ಪೈಪಿನಲ್ಲೇ ಆರಿಹೋಗುತ್ತವೆ ಬಿಡು ಎಂದುಕೊಂಡೆ.

ಎರಡು ನಿಮಿಷ ಅಂದಿದ್ದೆ, ಐದು ನಿಮಿಷ ಹಿಡಿದೆ.

ಮಧ್ಯಾಹ್ನ ಬಾಳೆಲೆ ಊಟ. ಯಜಮಾನರು ಫ್ಯಾನು ಸಂಜೆವರೆಗೂ ಓಡಲಿ ಎಂದಿದ್ದರು. ಪಾಯಸ ಬಡಿಸುವ ಹೊತ್ತಿಗೆ ಯಾರೋ ಚಿಮಣಿ ಕಡೆ ಕೈ ತೋರಿಸಿ ನಕ್ಕರು: ಯಂತ್ರ ಕೆಲಸ ಮಾಡುತ್ತಿದೆ, ಹೊಗೆ ಬರುತ್ತಿದೆ! ಫರ್ನೇಸು ಆರಿದೆ, ಹೊಗೆ ಎಲ್ಲಿಂದ ಬರಬೇಕು? ಮೇಸ್ತ್ರಿ ಆಗಲೇ ಎಲೆ ಬಿಟ್ಟು ಓಡಿದ್ದರು. ಫ್ಯಾನು ನಿಲ್ಲಿಸಿ, ಎರಡು ಕಡೆಯ ಬಾಗಿಲು ಮುಚ್ಚಿ, ನೀರಿನ ಪೈಪು ಎಳೆದುಕೊಂಡು ಕೋಣೆಯ ಮೇಲೆ ಹತ್ತಿ, ಮುಚ್ಚಳ ತೆಗೆದು ಒಳಗೆ ನೀರು ಬಿಟ್ಟರು. ಕಾದ ಮುಚ್ಚಳ ಹಿಡಿದು ಅವರ ಬಲ ಅಂಗೈ ಬೊಬ್ಬೆ ಎದ್ದಿತು. ಎಪ್ಪತ್ತು ಚೀಲ ಸುಟ್ಟುಹೋದವು. ನೂರ ಎಪ್ಪತ್ತು ಉಳಿದವು. ಅವರು ಒಂದು ಗಳಿಗೆ ತಡ ಮಾಡಿದ್ದರೆ ಎಲ್ಲವೂ ಹೋಗುತ್ತಿತ್ತು, ಕೋಣೆಯೂ ಸೊಟ್ಟಗಾಗುತ್ತಿತ್ತು.

ಯಜಮಾನರು ಆ ಹೊತ್ತಿನಲ್ಲಿ ಏನು ಮಾಡಿದರು ಗೊತ್ತೇ? ತಾಯಿಯನ್ನು ಕಾರಿನಲ್ಲಿ ಕೂರಿಸಿ ಮನೆಗೆ ಕಳಿಸಿದರು. ಅವರಿಗೆ ಸಣ್ಣದೊಂದು ಕರೆಂಟಿನ ತೊಂದರೆ ಎಂದು ಹೇಳಿದರಂತೆ.

ಮಾರನೆಯ ದಿನ ನುಂಗಂಬಾಕ್ಕಂನ ಆಫೀಸಿಗೆ ಯಜಮಾನರೇ ಬಂದರು. ತಮಿಳಿನಲ್ಲಿ, ತುಂಬ ಮೃದುವಾಗಿ ಮಾತಾಡಿದರು. ತನಿಖೆಯ ವರದಿ ಬೇಕು, ಆದರೆ ಅದರಲ್ಲಿ ಪೂಜೆಯ ಮಾತು ಬರಕೂಡದು. ಸಾಮಿ ವಿಷಯ. ತಾಯಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ. ಕೆಲಸದವರೂ ಅಪಶಕುನ ಎನ್ನುತ್ತಾರೆ. ಬೆಳಿಗ್ಗೆ ವೆಲ್ಡಿಂಗ್ ಆಗಿದೆಯಲ್ಲ, ರಿಜಿಸ್ಟರಿನಲ್ಲಿ ಬರೆದೂ ಇದೆ, ಅದೇ ಕಾರಣ ಎಂದು ಬರೆದರೆ ಮುಗಿಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದಾದರೂ ಬುದ್ಧಿಯಿಂದ ಹಾಕಿದ ಬರೆಯೇ? ವೆಲ್ಡಿಂಗ್ ಆದದ್ದು ಚಿಮಣಿಯ ಏಣಿಯಲ್ಲಿ, ಫ್ಯಾನಿನ ಆಚೆ, ಆಗ ಫ್ಯಾನು ಶುರುವೂ ಆಗಿರಲಿಲ್ಲ. ಅಲ್ಲಿನ ಕಿಡಿ ಚೀಲಕ್ಕೆ ಬರಬೇಕಾದರೆ ಚಿಮಣಿಯ ಉಕ್ಕನ್ನು ತೂತು ಮಾಡಿ, ಫ್ಯಾನಿನ ರೆಕ್ಕೆ ದಾಟಿ, ಗಾಳಿಗೆ ಎದುರಾಗಿ ಹಾರಿಕೊಂಡು ಬರಬೇಕು. ಗಾಳಿಪಟ ಹಾರಿಸುವ ಮಕ್ಕಳಿಗೂ ಗೊತ್ತಿರುವ ವಿಷಯ. ಅಲ್ಲಿ ಕೂತಿದ್ದ ಮೂವರಲ್ಲಿ ಇಬ್ಬರು ಇಂಜಿನಿಯರುಗಳು.

"ಗಾಳಿಗೆ ಎದುರಾಗಿ ಕಿಡಿ ಹಾರುತ್ತಾ ಸಾರ್?" ಎಂದು ಬಾಸನ್ನು ಕನ್ನಡದಲ್ಲೇ ಕೇಳಿದೆ.

"ಹಾರಿದೆ ಅಂತ ಯಾರು ಹೇಳಿದ್ರು? ಹಾರಿರುವ ಸಾಧ್ಯತೆ ಉಂಟು ಅಂತ ಬರಿ," ಅಂದರು. ಕಾಫಿ ನನ್ನ ಕಡೆ ಸರಿಸಿದರು. "ಮೇಸ್ತ್ರಿ ನಮ್ಮ ಪರ್ಮನೆಂಟ್ ಜನ ಅಲ್ಲ ಮಾರಾಯ್ತಿ, ಅವರಿಗೆ ಇಲ್ಲಿ ಅಲ್ಲದಿದ್ರೆ ಇನ್ನೊಂದು ಕಡೆ ಕೆಲಸ ಸಿಗ್ತದೆ. ಪೂಜೆ ಅಂತ ಬರೆದ್ರೆ ತಟ್ಟೆ ಯಾರ ಕೈಲಿತ್ತು ಅಂತ ಕೇಳ್ತಾರೆ. ಯಾರ ಕೈಲಿತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ನನ್ನ ಕೈ ನೋಡಿಕೊಂಡೆ. ವರದಿ ಬರೆದೆ. ‘ವೆಲ್ಡಿಂಗ್ ಕಿಡಿಯಿಂದ ಆಗಿರುವ ಸಾಧ್ಯತೆ’ ಎಂದು ಒಂದು ಸಾಲು. ಸಾಧ್ಯತೆ ಎಂದರೆ ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸಹಿ ಹಾಕಿದೆ. ಥೂ! ಎಷ್ಟು ಓದಿದರೇನು, ಅಕ್ಷರ ಬಂದವರಿಗೆ ಅಡಗಿಕೊಳ್ಳಲು ಒಂದು ಪದ ಸಾಕು.

ಅದಾದ ಮೇಲೆ ಒಂಬತ್ತು ದಿನ ನಾನು ಮನುಷ್ಯರ ಹಾಗಿರಲಿಲ್ಲ. ಬಸ್ಸಿನ ಕಂಡಕ್ಟರಿಗೆ ಬೈದೆ. ಹಾಲಿನವನಿಗೆ ಬೈದೆ. ಶೋಳಿಂಗನಲ್ಲೂರ್‌ನಿಂದ ಆಫೀಸ್ ಕ್ಯಾಬಿನಲ್ಲಿ ಎರಡು ಗಂಟೆ ಕೂತು ಸುಸ್ತಾಗಿ ಬಂದ ಗಂಡನಿಗೆ, ಚಪ್ಪಲಿ ಸರಿಯಾಗಿ ಬಿಡಲಿಲ್ಲ ಎಂದು ಬೈದೆ. ಮಗಳು, "ಏಮ್ಮಾ ಎಪ್ಪವುಂ ಕತ್ತಿಕ್ಕಿಟ್ಟೇ ಇರುಕ್ಕೆ?" ಯಾಕಮ್ಮ ಯಾವಾಗಲೂ ಕಿರುಚುತ್ತಲೇ ಇರುತ್ತೀಯ ಎಂದು ಕೇಳಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿರುಚಬೇಕಾದ ಒಂದು ಜಾಗ ಬಿಟ್ಟು ಮಿಕ್ಕೆಲ್ಲ ಕಡೆ ಕಿರುಚಿದೆ.

ಮೇಸ್ತ್ರಿ ಎರಡು ಸಲ ಫೋನ್ ಮಾಡಿದರು. ಸಹಿ ಹಾಕಿದ ಸಂಜೆ ಒಂದು ಸಲ, ಅದಾಗಿ ಎರಡು ದಿನಕ್ಕೆ ಇನ್ನೊಂದು ಸಲ. ನಾನು ಎತ್ತಲಿಲ್ಲ. ಎತ್ತಿದರೆ ಕಾಲು ಹಿಡಿಯುತ್ತಾರೆ, ವರದಿ ಬದಲಾಯಿಸಿ ಎಂದು ಅಳುತ್ತಾರೆ, ಏನು ಹೇಳಲಿ? ಮೀಟಿಂಗಿನಲ್ಲಿದ್ದೇನೆ ಎಂದು ಮೆಸೇಜು ಕಳಿಸಿದೆ. ಮೀಟಿಂಗೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಊಟದ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದೆ.

ಹತ್ತನೆಯ ದಿನ ಬೆಳಿಗ್ಗೆ ಹೊಸ ಚೀಲಗಳ ಲೆಕ್ಕ ತೆಗೆದುಕೊಳ್ಳಲು ಫೌಂಡ್ರಿಗೆ ಹೋದೆ. ಅಷ್ಟು ದಿನ ಚೀಲದ ಕೋಣೆಯ ಬಾಗಿಲನ್ನು ಯಾರೂ ತೆಗೆದಿರಲಿಲ್ಲ. ಗೇಟಿನ ಸೆಕ್ಯೂರಿಟಿ ಕೋಣೆಯ ಗಾಜಿಗೆ ಒಂದು ಫೋಟೋ ಅಂಟಿಸಿದ್ದರು. ಮೇಸ್ತ್ರಿಯದು. ಗೇಟ್ ಪಾಸಿಗೆ ತೆಗೆದ ಫೋಟೋವನ್ನೇ ದೊಡ್ಡದು ಮಾಡಿ, ಕೆಳಗೆ ತಮಿಳಿನಲ್ಲಿ ‘ಒಳಗೆ ಬಿಡಬಾರದು’ ಎಂದು ಬರೆದಿದ್ದರು. ಅದರ ಪಕ್ಕದಲ್ಲಿ ತಾಮ್ರ ಕದ್ದ ಇಬ್ಬರ ಫೋಟೋಗಳು.

"ಇದ್ಯಾರಪ್ಪ ಅಂಟಿಸಿದ್ದು?" ಎಂದು ಗಾರ್ಡನ್ನು ತಮಿಳಿನಲ್ಲಿ ಕೇಳಿದೆ.

"ಆಫೀಸ್ ಆರ್ಡರ್ ಮೇಡಂ. ಇಲ್ಲಿ ಮಾತ್ರ ಅಲ್ಲ. ಎಸ್ಟೇಟಿನ ಎಲ್ಲ ಗೇಟಿಗೂ ನಮ್ಮ ಸೆಕ್ಯೂರಿಟಿಯವರೇ. ಎಲ್ಲ ಕಡೆ ಕಳಿಸಿದ್ದಾರೆ," ಎಂದ. ಆಮೇಲೆ ಸ್ವಲ್ಪ ತಡೆದು, "ಬೆಂಕಿ ಹಾಕಿದವನು ಅಂತೆ," ಎಂದ.

ನನ್ನ ಮೈಯೆಲ್ಲ ಹತ್ತಿ ಉರಿಯಿತು. ಮೂವತ್ತು ವರ್ಷ ಆ ಮನುಷ್ಯ ಅದೇ ಎಸ್ಟೇಟಿನ ಗೇಟುಗಳಲ್ಲಿ ಸಹಿ ಹಾಕಿ ಒಳಗೆ ಹೋಗಿ ಅನ್ನ ಸಂಪಾದಿಸಿದ್ದು. ಇನ್ನೊಂದು ಕಡೆ ಕೆಲಸ ಸಿಗುತ್ತದೆ ಎಂದಿದ್ದರಲ್ಲ ನಮ್ಮ ಬಾಸು, ಯಾವ ಕಡೆ? ನನ್ನ ‘ಸಾಧ್ಯತೆ’ ಗೇಟಿಗೆ ಬರುವಷ್ಟರಲ್ಲಿ ‘ಬೆಂಕಿ ಹಾಕಿದವನು’ ಆಗಿತ್ತು. ಫೋಟೋ ಕಿತ್ತುಕೊಂಡೆ. ಗಾರ್ಡು ಬೇಡ ಬೇಡ ಎಂದ. ಕೈ ಅಡ್ಡ ಹಾಕುವ ಧೈರ್ಯ ಅವನಿಗೆ ಬರಲಿಲ್ಲ, ನನ್ನ ಮುಖ ಹಾಗಿದ್ದಿರಬೇಕು.

ಯಜಮಾನರ ಕೋಣೆಯಲ್ಲಿ ಬಾಸೂ ಇದ್ದರು, ಹೊಸ ಚೀಲದ ಮಾತಿಗೆ ಬಂದಿದ್ದರು. ಫೋಟೋವನ್ನು ಮೇಜಿನ ಮೇಲೆ ಹಾಕಿದೆ.

"ಎದ್ದೇಳಿ ಸಾರ್. ಇಬ್ಬರೂ ಏಣಿ ಹತ್ರ ಬನ್ನಿ," ಎಂದೆ. ಏನು ಎತ್ತ ಎನ್ನುವಷ್ಟರಲ್ಲಿ ನಾನು ಅಂಗಳದಲ್ಲಿದ್ದೆ, ಅವರು ಹಿಂದೆ ಬಂದರು. ಚಿಮಣಿಯ ಬುಡದಲ್ಲಿ ನಿಂತು, ವೆಲ್ಡಿಂಗ್ ಮಾಡಿದ ಮೆಟ್ಟಿಲಿಗೆ ಕೈ ಇಟ್ಟೆ. "ಕಿಡಿ ಬಿದ್ದದ್ದು ಇಲ್ಲಿ. ಚೀಲ ಇರೋದು ಅಲ್ಲಿ. ನಡುವೆ ಇರೋದು ಫ್ಯಾನು. ಇಲ್ಲಿಂದ ಅಲ್ಲಿಗೆ ಒಂದು ಕಿಡಿ ತಗೊಂಡು ಹೋಗಿ ತೋರಿಸಿ, ಆ ವರದಿಗೆ ಈಗಲೇ ಇನ್ನೊಂದು ಸಲ ಸಹಿ ಹಾಕ್ತೀನಿ. ನೀವೇ ದಾರಿ ತೋರಿಸಿ. ಅಲ್ಲಾ ಸಾರ್, ಓದಿದ್ದೀರಲ್ಲ? ನಾಚಿಕೆ ಆಗಲ್ವಾ?"

"ಮೆಲ್ಲಗೆ ಮಾತಾಡು," ಅಂದರು ಬಾಸ್. ಕೆಲಸದವರು ನೋಡುತ್ತಿದ್ದರು.

"ಮೆಲ್ಲಗೆ ಮಾತಾಡಿದ್ದಕ್ಕೇ ಹೀಗಾಗಿದ್ದು."

ಯಜಮಾನರ ಮುಖ ಬಿಗಿಯಿತು. "ಹಾಗಾದರೆ ನನ್ನ ತಾಯಿ ಬೆಂಕಿ ಹಾಕಿದರು ಅಂತೀರಾ?" ಎಂದು ಕೇಳಿದರು.

"ಇಲ್ಲ. ತಟ್ಟೆ ಹಿಡಿದವಳು ನಾನು. ಕೆಂಡ ಒಳಗೆ ಹೋಗಿದ್ದನ್ನ ಕಣ್ಣಾರೆ ನೋಡಿದವಳು ನಾನು. ಮೇಸ್ತ್ರಿ ಬೇಡ ಅಂದ್ರು, ಫ್ಯಾನ್ ನಿಲ್ಲಿಸ್ತೀನಿ ಅಂದ್ರು. ಬಾಯಿ ಮುಚ್ಚಿಸಿದವಳೂ ನಾನೇ. ಅಜ್ಜಿಗೆ ಈ ಯಂತ್ರದ ಬಗ್ಗೆ ಏನು ಗೊತ್ತು? ಗೊತ್ತಿದ್ದದ್ದು ನನಗೆ. ಗಾಜಿಗೆ ಫೋಟೋ ಬೇಕೇ ಬೇಕು ಅಂದ್ರೆ ನಂದು ಅಂಟಿಸಿ."

ಅಲ್ಲೇ ಸ್ಟೋರಿನ ಹುಡುಗಿಯ ಹತ್ತಿರ ಕಾಗದ ಇಸಿದುಕೊಂಡು ಇದೇ ಮಾತನ್ನು ಕೈಯಲ್ಲಿ ಬರೆದು, ಮೊದಲಿನ ವರದಿ ರದ್ದು ಎಂದು ಸೇರಿಸಿ, ಸಹಿ ಹಾಕಿ ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟೆ. ಯಜಮಾನರು ಓದಿದರು. ತಾಯಿಯ ಹೆಸರಾಗಲಿ ಪೂಜೆಯ ದೋಷವಾಗಲಿ ಅದರಲ್ಲಿ ಇರಲಿಲ್ಲ, ಧೂಪದ ತಟ್ಟೆಯನ್ನು ಪ್ರಾಜೆಕ್ಟ್ ಮ್ಯಾನೇಜರ್ ಎಚ್ಚರಿಕೆ ಮೀರಿ ಹುಡ್ಡಿನ ಬಾಯಿಗೆ ಹಿಡಿದಳು ಎಂದಿತ್ತು. ಅವರಿಗೆ ಅದು ಸಾಕಾಯಿತು. ಯಾರಾದರೊಬ್ಬರ ತಲೆ ಬೇಕಿತ್ತು, ಸಿಕ್ಕಿತು. ಮೇಸ್ತ್ರಿಯನ್ನು ಒಳಗೆ ಬಿಡಿ ಎಂದು ಗೇಟಿಗೆ ಫೋನ್ ಮಾಡಿದರು. ಇನ್ನು ಮುಂದೆ ಈ ಮೇಡಂ ನನ್ನ ಫೌಂಡ್ರಿಗೆ ಕಾಲಿಡಬಾರದು ಎಂದು ಬಾಸಿಗೆ ಹೇಳಿದರು.

ಕಾರಿನಲ್ಲಿ ವಾಪಸ್ ಬರುವಾಗ ಬಾಸ್, "ನಿನ್ನನ್ನು ಈ ಪ್ರಾಜೆಕ್ಟಿನಿಂದ ತೆಗಿಯದೆ ಬೇರೆ ದಾರಿ ಇಲ್ಲ. ನಿಂಗೆ ಇದೆಲ್ಲ ಬೇಕಿತ್ತಾ ಮಾರಾಯ್ತಿ?" ಅಂದರು.

"ತೆಗೀರಿ," ಎಂದೆ. ಆ ಹೊತ್ತಿನಲ್ಲಿ ನನಗೆ ನನ್ನ ಬಗ್ಗೆ ಹೆಮ್ಮೆಯೇ ಆಗಿತ್ತು. ಅದನ್ನೂ ಮುಚ್ಚಿಡುವುದಿಲ್ಲ. ಮನೆಗೆ ಹೋಗಿ ಗಂಡನಿಗೆ ಎರಡು ಸಲ ಹೇಳಿದೆ, ಹೇಗೆ ಏಣಿಯ ಹತ್ತಿರ ನಿಲ್ಲಿಸಿ ಕೇಳಿದೆ ಎಂದು. ಆ ರಾತ್ರಿ ಯಾರಿಗೂ ಬೈಯಲಿಲ್ಲ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಕೆಲಸಕ್ಕೆ ವಾಪಸ್ ಬರುತ್ತಾರೆ ಎಂದು ಗೊತ್ತಾಗಿ, ಫೌಂಡ್ರಿಯ ಎದುರು ರಸ್ತೆಯ ಟೀ ಅಂಗಡಿಯಲ್ಲಿ ಕಾದು ನಿಂತೆ. ಒಳಗೆ ಬಿಡುವುದಿಲ್ಲವಲ್ಲ. ಅವರು ಸೈಕಲ್ ಒರಗಿಸಿ ಬಂದರು. ಬಲಗೈಯ ಬೊಬ್ಬೆ ಒಣಗಿ ಚರ್ಮ ಸುಲಿಯುತ್ತಿತ್ತು, ಲೋಟವನ್ನು ಎಡಗೈಯಲ್ಲಿ ಹಿಡಿದರು. ಅವರು ಏನಾದರೂ ಒಳ್ಳೆಯ ಮಾತು ಹೇಳುತ್ತಾರೆ ಎಂದು ನಾನು ಕಾದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ ಕಾದೆ.

"ಫೋನ್ ಎತ್ತಿದ್ರೆ ಸಾಕಾಗಿತ್ತು ಮೇಡಂ," ಅಂದರು.

"ಮೇಸ್ತ್ರಿ, ಆ ರಿಪೋರ್ಟು ನಾನು ಬರೀಬಾರದಿತ್ತು. ನಿಮಗೆ ಏನು ಹೇಳಲಿ ಅಂತ ಗೊತ್ತಾಗದೆ..."

"ರಿಪೋರ್ಟ್ ಬುಡಿ. ಆಫೀಸ್ನೋರು ಏನ್ ಬರೀತಾರೆ ಅಂತ ನಂಗೆ ತೆರಿಯದಾ, ಗೊತ್ತಿಲ್ವಾ? ನಾನು ಅದುಕ್ಕೆ ಫೋನ್ ಮಾಡ್ಲಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ಒಳಗೆಲ್ಲ ನೀರು ಬಿಟ್ಟಿದ್ನಲ್ಲ. ನೀರು ಕುಡಿದ ಚೀಲಕ್ಕೆ ಸುಟ್ಟ ಚೀಲದ ಮಸಿ ಅಂಟ್ಕೊಂಡ್ರೆ ಕಲ್ಲಾಗ್ತೈತೆ. ಎರಡ್ ಮೂರ್ ದಿನದಾಗೆ ಇಳಿಸಿ, ತೊಳ್ದು, ನೆರಳಾಗೆ ಹಾಕ್ಬೇಕು. ನನ್ನ ಒಳಗೆ ಬುಡಲ್ಲ ಅಂದ್ರು. ನೀವಾದ್ರೂ ಯಾರ್ಗಾದ್ರೂ ಹೇಳಿ ಇಳಿಸ್ಲಿ ಅಂತ ಮಾಡ್ದೆ. ಎರಡ್ ಸಲ ಮಾಡ್ದೆ."

ನಾನು ಬಾಯಿ ತೆರೆದೆ. ಹದಿನೆಂಟು ವರ್ಷದ ಬೈಗುಳ ಅಷ್ಟೂ ಬಾಯಲ್ಲಿತ್ತು, ಬೈಯಲು ಎದುರಿಗೆ ಯಾರೂ ಇರಲಿಲ್ಲ. ಯಜಮಾನರಿಲ್ಲ, ಬಾಸಿಲ್ಲ. ಕಾಲು ಹಿಡಿಯಲು ಫೋನ್ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ ನಾನು. ಅವರು ಅಂಗೈ ಸುಟ್ಟುಕೊಂಡು ಉಳಿಸಿದ ಚೀಲಗಳು ಒಂಬತ್ತು ದಿನ ಮುಚ್ಚಿದ ಕೋಣೆಯಲ್ಲಿ ಒದ್ದೆಯಾಗಿ ತೂಗುತ್ತಿದ್ದವು. ನಾನು ಆಗ ಬಸ್ಸಿನ ಕಂಡಕ್ಟರಿಗೆ ಬೈಯುತ್ತಿದ್ದೆ.

ಅವರು ಲೋಟ ಇಟ್ಟು, ರಸ್ತೆ ದಾಟಿ, ಗೇಟಿನ ಪುಸ್ತಕದಲ್ಲಿ ಎಡಗೈಯಿಂದಲೇ ಸಹಿ ಮಾಡಿ ಒಳಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ಅರ್ಧ ಗಂಟೆಯ ಮೇಲೆ ಫೋನ್ ಹೊಡೆದುಕೊಂಡಿತು, ಮೊದಲ ರಿಂಗಿಗೇ ಎತ್ತಿದೆ.

"ಇನ್ನೂರ ನಲವತ್ತೂ ಹೊಸದೇ ಹಾಕ್ಬೇಕು ಮೇಡಂ," ಅಂದರು. "ಒಂದೂ ಉಳಿದಿಲ್ಲ."